ಚೀಟಿ ಇಲ್ಲದ ರೋಗಿಗೆ ರಕ್ತಪರೀಕ್ಷೆ ಮೊದಲೋ, ಲಸಿಕೆ ಮೊದಲೋ

ದೇಶ ಬಿಟ್ಟು ಬಂದ ವಯಸ್ಕ ರೋಗಿಯೊಬ್ಬರು ಹೊಸ ಊರಿನ ಆರೋಗ್ಯ ಕೇಂದ್ರಕ್ಕೆ ಮೊದಲ ಸಲ ಬಂದಾಗ ಅವರ ಕೈಯಲ್ಲಿ ಪಾಸ್‌ಪೋರ್ಟ್ ಇರಬಹುದು, ಕೆಲಸಕ್ಕೆ ಸೇರಿಸಿಕೊಂಡ ಪತ್ರ ಇರಬಹುದು, ಆಶ್ರಯ ಕೋರಿ ಸಲ್ಲಿಸಿದ ಅರ್ಜಿಯ ನಕಲು ಇರಬಹುದು. ಬಾಲ್ಯದಲ್ಲಿ ಹಾಕಿಸಿದ ಲಸಿಕೆಗಳ ಚೀಟಿ ಮಾತ್ರ ಇರುವುದು ಅಪರೂಪ. ಚಿಕ್ಕಂದಿನಲ್ಲಿ ಏನೇನೋ ಚುಚ್ಚಿಸಿದ್ದರು ಎಂಬಷ್ಟೇ ನೆನಪು. ಆಗ ವೈದ್ಯರು ಮೂರರಲ್ಲಿ ಒಂದನ್ನು ಮಾಡಬೇಕಾಗುತ್ತದೆ: ಅವರ ಮಾತನ್ನು ನಂಬಿ ಸುಮ್ಮನಾಗುವುದು, ರಕ್ತ ತೆಗೆದು ಪ್ರತಿಕಾಯಗಳು, ಅಂದರೆ ರೋಗಾಣುವಿನ ವಿರುದ್ಧ ಹೋರಾಡಲು ದೇಹ ತಯಾರಿಸುವ ಪ್ರೋಟೀನ್‌ಗಳು, ಇವೆಯೇ ಎಂದು ನೋಡುವುದು, ಅಥವಾ ಏನೂ ಹಾಕಿಸಿಲ್ಲ ಎಂದು ಭಾವಿಸಿ ಲಸಿಕೆಗಳನ್ನು ಮೊದಲಿನಿಂದ ಕೊಡುವುದು.

ಸಾರ್ವಜನಿಕ ಆರೋಗ್ಯದ ಸಂಶೋಧನಾ ಪ್ರಬಂಧಗಳನ್ನು ಓದುವುದು, ಅವುಗಳ ಅಂಕಿಅಂಶಗಳನ್ನು ಜಾಲಾಡುವುದು ನನ್ನ ಕೆಲಸದ ಒಂದು ಭಾಗ. ವಲಸಿಗರ ರೋಗನಿರೋಧಕ ಶಕ್ತಿಯ ಕುರಿತು ನಾನು ಓದಿದ ಪ್ರಬಂಧಗಳಲ್ಲಿ ಬಹಳಷ್ಟು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ಇಷ್ಟು ಜನರ ರಕ್ತ ಪಡೆದೆವು, ಅವರಲ್ಲಿ ಇಷ್ಟು ಶೇಕಡಾ ಮಂದಿಯಲ್ಲಿ ದಡಾರದ ಪ್ರತಿಕಾಯ ಸಿಗಲಿಲ್ಲ, ಇಷ್ಟು ಮಂದಿಯಲ್ಲಿ ಹೆಪಟೈಟಿಸ್ ಬಿ ಪ್ರತಿಕಾಯ ಸಿಗಲಿಲ್ಲ, ಆದ್ದರಿಂದ ಈ ಗುಂಪಿಗೆ ಲಸಿಕೆಯ ಅಗತ್ಯವಿದೆ ಎಂದು ಬರೆದು ಮುಗಿಸುತ್ತಾರೆ. ಪ್ರತಿಕಾಯ ಸಿಗದವರಿಗೆ ಆಮೇಲೆ ಲಸಿಕೆ ಸಿಕ್ಕಿತೇ, ಸಿಕ್ಕಿದ್ದರೆ ಎಲ್ಲ ಡೋಸ್‌ಗಳೂ ಮುಗಿದವೇ ಎಂಬ ವಿಷಯ ಹುಡುಕಿದರೂ ಕಾಣುವುದಿಲ್ಲ. ಅಳೆಯುವುದನ್ನೇ ಆರೈಕೆ ಎಂದುಕೊಳ್ಳುವ ಈ ಅಭ್ಯಾಸದ ಬಗ್ಗೆ ನನ್ನ ತಕರಾರಿದೆ. ಹಾಗೆಂದು ಪರೀಕ್ಷೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಕೆಲವು ರೋಗಗಳಿಗೆ ಅದಿಲ್ಲದೆ ಹೆಜ್ಜೆ ಇಡಲಾಗದು. ಯಾವ ರೋಗಕ್ಕೆ ಅಳೆಯಬೇಕು, ಯಾವುದಕ್ಕೆ ಅಳೆಯದೆ ಕೊಟ್ಟುಬಿಡಬೇಕು ಎಂಬುದನ್ನು ತಿಳಿಯಬೇಕಾದರೆ, ಆ ಪರೀಕ್ಷೆ ನಿಜವಾಗಿ ಏನನ್ನು ಹೇಳುತ್ತದೆ ಎಂಬುದನ್ನು ಮೊದಲು ನೋಡಬೇಕು.

ಸೋಂಕು ತಗುಲಿದಾಗ ಅಥವಾ ಲಸಿಕೆ ಪಡೆದಾಗ ದೇಹವು ಪ್ರತಿಕಾಯಗಳನ್ನು ತಯಾರಿಸುತ್ತದೆ. ಅವುಗಳ ಜೊತೆಗೆ ಅಸ್ಥಿಮಜ್ಜೆಯಲ್ಲಿ ವರ್ಷಗಟ್ಟಲೆ ಬದುಕುವ ಪ್ಲಾಸ್ಮಾ ಕೋಶಗಳೂ, ಆ ರೋಗಾಣುವನ್ನು ನೆನಪಿಟ್ಟುಕೊಂಡ ಬಿ ಕೋಶಗಳೂ ಟಿ ಕೋಶಗಳೂ ಉಳಿದುಕೊಳ್ಳುತ್ತವೆ. ಸಾಮಾನ್ಯ ಪ್ರಯೋಗಾಲಯದಲ್ಲಿ ಅಳೆಯಲಾಗುವುದು ಇವುಗಳಲ್ಲಿ ಒಂದನ್ನು ಮಾತ್ರ, ಅಂದರೆ ರಕ್ತದಲ್ಲಿ ಓಡಾಡುತ್ತಿರುವ ಐಜಿಜಿ ಎಂಬ ಪ್ರತಿಕಾಯವನ್ನು. ಉಳಿದ ನೆನಪು ಕೋಶಗಳ ಒಳಗೇ ಇರುತ್ತದೆ, ಅಗ್ಗದ ಪರೀಕ್ಷೆಗಳ ಕೈಗೆ ಸಿಗುವುದಿಲ್ಲ. ಹಾಗಾಗಿ ವರದಿಯಲ್ಲಿ 'ನೆಗೆಟಿವ್' ಎಂದು ಬಂದ ವ್ಯಕ್ತಿಗೆ ರಕ್ಷಣೆ ಇಲ್ಲವೇ ಇಲ್ಲ ಎಂದು ಹೇಳಲು ಪ್ರತಿ ಸಲವೂ ಬರುವುದಿಲ್ಲ.

ಆ ನೆನಪು ಎಷ್ಟು ಕಾಲ ಉಳಿಯಬಲ್ಲದು ಎಂಬುದಕ್ಕೆ ಹಳೆಯ ಸಾಕ್ಷ್ಯವೊಂದಿದೆ. 1846ರಲ್ಲಿ ಉತ್ತರ ಅಟ್ಲಾಂಟಿಕ್‌ನ ಫೆರೋ ದ್ವೀಪಗಳಲ್ಲಿ ದಡಾರ ಹಬ್ಬಿ, ಅಲ್ಲಿದ್ದ ಸುಮಾರು 7,800 ಜನರಲ್ಲಿ ಸುಮಾರು 6,000 ಮಂದಿ ಹಾಸಿಗೆ ಹಿಡಿದರು. ಡೆನ್ಮಾರ್ಕ್ ಸರ್ಕಾರ ಅಲ್ಲಿಗೆ ಕಳಿಸಿದ ಪೀಟರ್ ಲುಡ್ವಿಗ್ ಪಾನುಮ್ ಎಂಬ ಯುವ ವೈದ್ಯರು ಹಳ್ಳಿಯಿಂದ ಹಳ್ಳಿಗೆ ಅಲೆದು ವಿಚಾರಿಸಿದಾಗ ತಿಳಿದದ್ದು ಇದು: ಹಿಂದೆ 1781ರಲ್ಲಿ ದಡಾರ ಬಂದು ಹೋಗಿದ್ದ ವೃದ್ಧರಿಗೆ 65 ವರ್ಷಗಳ ನಂತರವೂ ರೋಗ ಮರುಕಳಿಸಲಿಲ್ಲ. ನಡುವಿನ ಅಷ್ಟೂ ವರ್ಷ ಆ ದ್ವೀಪಗಳಲ್ಲಿ ದಡಾರವೇ ಇರಲಿಲ್ಲವಾದ್ದರಿಂದ, ರಕ್ಷಣೆ ಆಗಾಗ ನವೀಕರಣಗೊಂಡಿತ್ತು ಎಂದು ವಾದಿಸಲೂ ಆಗುವುದಿಲ್ಲ. ಅಂದಹಾಗೆ, ರೋಗವನ್ನು ದ್ವೀಪಕ್ಕೆ ತಂದದ್ದು ರಾಜಧಾನಿ ಕೋಪನ್‌ಹೇಗನ್‌ನಿಂದ ಬಂದ ಒಬ್ಬ ಬಡಗಿ. ಬಡ ಊರಿನವರೇ ರೋಗ ತರುತ್ತಾರೆ ಎನ್ನುವವರು ಈ ವಿವರವನ್ನೂ ಗಮನಿಸಬಹುದು.

ಎಲ್ಲ ರೋಗಗಳ ವಿಷಯದಲ್ಲೂ ಹೀಗಿಲ್ಲ. ಒಂದೇ ಗುಂಪಿನ ಜನರ ರಕ್ತವನ್ನು ವರ್ಷಾನುಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸಿ 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ಧನುರ್ವಾಯುವಿನ ಪ್ರತಿಕಾಯ ಅರ್ಧಕ್ಕೆ ಇಳಿಯಲು ಸುಮಾರು 11 ವರ್ಷ ಹಿಡಿಯುತ್ತದೆ, ಗಂಟಲಮಾರಿಯದಕ್ಕೆ (ಡಿಫ್ತೀರಿಯಾ) ಸುಮಾರು 19 ವರ್ಷ. ದಡಾರದ ಪ್ರತಿಕಾಯವಂತೂ 200 ವರ್ಷಕ್ಕೂ ಹೆಚ್ಚು ಎಂಬ ಲೆಕ್ಕ ಬಂತು, ಅಂದರೆ ಮನುಷ್ಯನ ಆಯುಷ್ಯದಲ್ಲಿ ಅದು ಇಳಿಯುವುದೇ ಇಲ್ಲ ಎಂದ ಹಾಗೆ. ನಾಯಿಕೆಮ್ಮಿನದು ಬೇರೆಯದೇ ತೊಡಕು. ಇಷ್ಟು ಪ್ರತಿಕಾಯ ಇದ್ದರೆ ರಕ್ಷಣೆ ಇದೆ ಎಂದು ಹೇಳಬಲ್ಲ ಒಪ್ಪಿತ ಮಟ್ಟವೇ ಆ ರೋಗಕ್ಕೆ ಇಲ್ಲ. ಆದ್ದರಿಂದ ನಾಯಿಕೆಮ್ಮಿಗೆ ರಕ್ಷಣೆ ಇದೆಯೇ ಎಂದು ತಿಳಿಯಲು ರಕ್ತಪರೀಕ್ಷೆ ಮಾಡಿಸುವುದರಲ್ಲಿ ಅರ್ಥವಿಲ್ಲ.

ಪರೀಕ್ಷೆಗೆ ನಿಜವಾದ ಬೆಲೆ ಬರುವುದು ಹೆಪಟೈಟಿಸ್ ಬಿ ವಿಷಯದಲ್ಲಿ. ಇದನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಇಲ್ಲಿ ಒಂದು ಕೊಳವೆ ರಕ್ತದಿಂದ ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ವೈರಸ್‌ನ ಹೊರಪದರದ ಪ್ರೋಟೀನ್ ರಕ್ತದಲ್ಲಿ ಸಿಕ್ಕರೆ ಆ ವ್ಯಕ್ತಿಗೆ ಈಗ ಸೋಂಕಿದೆ. ಆ ಹೊರಪದರದ ವಿರುದ್ಧದ ಪ್ರತಿಕಾಯ ಲೀಟರಿಗೆ 10 ಅಂತರರಾಷ್ಟ್ರೀಯ ಯೂನಿಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆಯಿದೆ. ವೈರಸ್‌ನ ಒಳತಿರುಳಿನ ವಿರುದ್ಧದ ಪ್ರತಿಕಾಯ ಸಿಕ್ಕರೆ ಎಂದೋ ಒಮ್ಮೆ ಸೋಂಕು ತಗುಲಿತ್ತು ಎಂದು ಅರ್ಥ. ಲಸಿಕೆಯಲ್ಲಿ ಹೊರಪದರದ ಪ್ರೋಟೀನ್ ಮಾತ್ರ ಇರುವುದರಿಂದ ಲಸಿಕೆ ಪಡೆದವರಲ್ಲಿ ಈ ಮೂರನೆಯದು ಕಾಣಿಸಿಕೊಳ್ಳುವುದಿಲ್ಲ. ಹೊರಪದರದ ಪ್ರತಿಕಾಯ ಒಂದೇ ಇದ್ದರೆ ರಕ್ಷಣೆ ಬಂದದ್ದು ಲಸಿಕೆಯಿಂದ, ಎರಡೂ ಪ್ರತಿಕಾಯಗಳಿದ್ದು ವೈರಸ್ ಇಲ್ಲದಿದ್ದರೆ ಸೋಂಕು ಬಂದು ವಾಸಿಯಾಗಿದೆ, ವೈರಸ್‌ನ ಹೊರಪದರವೇ ಇದ್ದರೆ ಲಸಿಕೆಯಿಂದ ಏನೂ ಪ್ರಯೋಜನವಿಲ್ಲ, ಆ ವ್ಯಕ್ತಿಗೆ ಬೇಕಾಗಿರುವುದು ಯಕೃತ್ತಿನ ತಪಾಸಣೆ ಮತ್ತು ಚಿಕಿತ್ಸೆ.

ಈ ವ್ಯತ್ಯಾಸ ವಲಸಿಗರ ಮಟ್ಟಿಗೆ ಏಕೆ ಮುಖ್ಯವೆಂದರೆ, ಹೆಪಟೈಟಿಸ್ ಬಿ ಹೆಚ್ಚಾಗಿರುವ ದೇಶಗಳಲ್ಲಿ ಸೋಂಕು ತಗುಲುವುದು ಬಹುಮಟ್ಟಿಗೆ ಹುಟ್ಟುವಾಗ ತಾಯಿಯಿಂದ ಅಥವಾ ಎಳವೆಯಲ್ಲಿ. ಹುಟ್ಟುವಾಗ ಸೋಂಕು ತಗುಲಿದ ಶಿಶುಗಳಲ್ಲಿ ಸುಮಾರು 90 ಶೇಕಡಾ ಮಂದಿಯಲ್ಲಿ ಅದು ಶಾಶ್ವತವಾಗಿ ನೆಲೆಸುತ್ತದೆ, ದಶಕಗಳ ಕಾಲ ಯಾವ ಲಕ್ಷಣವನ್ನೂ ತೋರದೆ ಉಳಿದು ಮುಂದೆ ಯಕೃತ್ತಿನ ಕ್ಯಾನ್ಸರ್‌ಗೆ ದಾರಿ ಮಾಡಬಲ್ಲದು. ಅದೇ ಸೋಂಕು ಆರೋಗ್ಯವಂತ ವಯಸ್ಕರಿಗೆ ಹೊಸದಾಗಿ ತಗುಲಿದರೆ ಹೆಚ್ಚಿನವರಲ್ಲಿ ತಾನಾಗಿ ವಾಸಿಯಾಗುತ್ತದೆ. ಪರೀಕ್ಷೆ ಮಾಡದೆ ಮೂರು ಡೋಸ್ ಲಸಿಕೆ ಕೊಟ್ಟು ಕಳಿಸಿದರೆ ಸೋಂಕಿತರಿಗೆ ಹಾನಿಯೇನೂ ಆಗುವುದಿಲ್ಲ. ಆದರೆ ತನಗೆ ಕಾಯಿಲೆ ಇದೆ ಎಂಬುದು ಅವರಿಗೆ ಗೊತ್ತಾಗದೆ ಹೋಗುತ್ತದೆ, ರಕ್ಷಣೆ ಸಿಕ್ಕಿದೆ ಎಂಬ ಸುಳ್ಳು ಸಮಾಧಾನ ಬೇರೆ.

ಇಷ್ಟಾದರೂ ವರದಿ ಬರುವ ತನಕ ಲಸಿಕೆಯನ್ನು ತಡೆಹಿಡಿಯಬೇಕಾಗಿಲ್ಲ. ಅದೇ ದಿನ ರಕ್ತ ತೆಗೆದು ಅದೇ ದಿನ ಮೊದಲ ಡೋಸ್ ಕೊಡಬಹುದು. ಕ್ರಮ ಮಾತ್ರ ತಪ್ಪಬಾರದು, ಮೊದಲು ರಕ್ತ, ಆಮೇಲೆ ಲಸಿಕೆ. ಲಸಿಕೆಯಲ್ಲಿರುವುದೂ ವೈರಸ್‌ನ ಹೊರಪದರದ ಪ್ರೋಟೀನೇ ಆದ್ದರಿಂದ ಲಸಿಕೆ ಪಡೆದ ಮೇಲೆ ಕೆಲವು ದಿನ, ಹೆಚ್ಚೆಂದರೆ 18 ದಿನಗಳವರೆಗೆ, ಸೋಂಕಿಲ್ಲದವರ ರಕ್ತದಲ್ಲೂ ಅದು ಪತ್ತೆಯಾಗಬಹುದು. ಸೂಜಿಗಳ ಕ್ರಮ ಅದಲುಬದಲಾದ ಒಂದೇ ಕಾರಣಕ್ಕೆ ಒಬ್ಬರ ಕಡತದಲ್ಲಿ 'ಹೆಪಟೈಟಿಸ್ ಬಿ ಸೋಂಕಿತ' ಎಂದು ಬರೆಯಲ್ಪಟ್ಟರೆ, ಮರುಪರೀಕ್ಷೆಗೆ ಬರುವ ಹೊತ್ತಿಗೆ ಅವರು ಬೇರೆ ಊರಿಗೆ ಹೋಗಿದ್ದರೆ, ಆ ಮಾತು ಅವರ ಬೆನ್ನು ಬಿಡುವುದಿಲ್ಲ.

ದಡಾರದ ಲೆಕ್ಕ ಇದಕ್ಕೆ ತದ್ವಿರುದ್ಧ. ದಡಾರ ಒಬ್ಬರಿಂದ 12ರಿಂದ 18 ಮಂದಿಗೆ ಹರಡಬಲ್ಲದು ಎಂದು ಪಠ್ಯಗಳು ಹೇಳುತ್ತವೆ, ಅದನ್ನು ತಡೆಯಲು ಸಮುದಾಯದಲ್ಲಿ ಸುಮಾರು 95 ಶೇಕಡಾ ಮಂದಿಗೆ ರಕ್ಷಣೆ ಇರಬೇಕು. ಒಂದು ಡೋಸ್ ಲಸಿಕೆ ಸುಮಾರು 93 ಶೇಕಡಾ, ಎರಡು ಡೋಸ್ ಸುಮಾರು 97 ಶೇಕಡಾ ರಕ್ಷಣೆ ಕೊಡುತ್ತದೆ. ಮೊದಲೇ ರಕ್ಷಣೆ ಇರುವವರಿಗೆ ಮತ್ತೊಂದು ಡೋಸ್ ಕೊಟ್ಟರೆ ಅಪಾಯವಿಲ್ಲ, ಅವರ ದೇಹ ಅದನ್ನು ಅಲ್ಲಿಂದಲ್ಲಿಗೆ ಮುಗಿಸುತ್ತದೆ. ಹೀಗಿರುವಾಗ ರಕ್ತ ತೆಗೆದು, ಪ್ರಯೋಗಾಲಯಕ್ಕೆ ಕಳಿಸಿ, ವಾರ ಬಿಟ್ಟು ಬನ್ನಿ ಎಂದು ಹೇಳುವುದಕ್ಕಿಂತ ಕೂತಿರುವ ಕುರ್ಚಿಯಲ್ಲೇ ಲಸಿಕೆ ಕೊಡುವುದು ಲೇಸು. ಕೆನಡಾದ ತಜ್ಞರು 2011ರಲ್ಲಿ ವಲಸಿಗರ ಆರೋಗ್ಯದ ಬಗ್ಗೆ ಹೊರತಂದ ಮಾರ್ಗಸೂಚಿ ಇದನ್ನೇ ಹೇಳಿತು: ದಾಖಲೆ ಇಲ್ಲದ ವಯಸ್ಕ ವಲಸಿಗರಿಗೆ ಪರೀಕ್ಷೆ ಮಾಡದೆಯೇ ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆಯ ಒಂದು ಡೋಸ್ ಕೊಡಿ. ಇದು ಜೀವಂತ ವೈರಸ್ ಇರುವ ಲಸಿಕೆಯಾದ್ದರಿಂದ ಗರ್ಭಿಣಿಯರಿಗೂ ರೋಗನಿರೋಧಕ ಶಕ್ತಿ ತೀವ್ರವಾಗಿ ಕುಗ್ಗಿದವರಿಗೂ ಸಲ್ಲದು. ಗರ್ಭಿಣಿಯರಿಗೆ ಹೆರಿಗೆಯಾದ ಕೂಡಲೇ ಕೊಡಬೇಕು. ರುಬೆಲ್ಲಾ ತಾನಾಗಿ ಸೌಮ್ಯವಾದ ಕಾಯಿಲೆ, ಆದರೆ ಗರ್ಭದ ಮೊದಲ ತಿಂಗಳುಗಳಲ್ಲಿ ಬಂದರೆ ಶಿಶುವಿನ ಕಣ್ಣು, ಕಿವಿ, ಹೃದಯಗಳಿಗೆ ಪೆಟ್ಟು ಬೀಳುತ್ತದೆ. ಇದರ ಲಸಿಕೆಯನ್ನು ರಾಷ್ಟ್ರೀಯ ಕಾರ್ಯಕ್ರಮಕ್ಕೆ ತಡವಾಗಿ ಸೇರಿಸಿಕೊಂಡ ದೇಶಗಳಿಂದ ಬಂದ ಯುವತಿಯರು ದಡಾರದ ಲಸಿಕೆ ಪಡೆದೂ ರುಬೆಲ್ಲಾಕ್ಕೆ ಬರಿದಾಗಿ ಉಳಿದಿರಬಹುದು ಎಂಬುದನ್ನು ಹೆರಿಗೆ ವಿಭಾಗದವರು ನೆನಪಿಟ್ಟುಕೊಳ್ಳಬೇಕು.

ಸೀತಾಳೆ ಸಿಡುಬಿನದು ನನಗೆ ಬಹಳ ಕುತೂಹಲದ ವಿಷಯ. ಲಸಿಕೆ ಬರುವ ಮುನ್ನ ಶೀತ ಮತ್ತು ಸಮಶೀತೋಷ್ಣ ದೇಶಗಳಲ್ಲಿ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಅದು ಬಂದು ಹೋಗುತ್ತಿತ್ತು. ಉಷ್ಣವಲಯದಲ್ಲಿ ಹಾಗಲ್ಲ, ಅಲ್ಲಿ ಎಷ್ಟೋ ಮಂದಿ ಸೋಂಕು ತಗುಲದೆಯೇ ದೊಡ್ಡವರಾಗುತ್ತಾರೆ. ಅಂಥವರು ಶೀತ ದೇಶಕ್ಕೆ ಹೋಗಿ ವಸತಿಗೃಹದಲ್ಲೋ ಶಿಬಿರದಲ್ಲೋ ಒತ್ತೊತ್ತಾಗಿ ಇರಬೇಕಾದಾಗ ವಯಸ್ಸಾದ ಮೇಲೆ ಮೊದಲ ಸಲ ಸೋಂಕಿಗೆ ಒಳಗಾಗುತ್ತಾರೆ, ವಯಸ್ಕರಲ್ಲಿ ಅದು ಶ್ವಾಸಕೋಶಕ್ಕೆ ಇಳಿಯುವ ಸಾಧ್ಯತೆ ಹೆಚ್ಚು. ಇಲ್ಲಿ ವಲಸಿಗರು ರೋಗ ಹೊತ್ತು ಬಂದವರಲ್ಲ, ಹೋದ ಊರಿನ ರೋಗಕ್ಕೆ ತುತ್ತಾದವರು.

ಧನುರ್ವಾಯುವಿನಲ್ಲಿ ಒಂದು ಜಾಣ ಉಪಾಯವಿದೆ. ಧನುರ್ವಾಯು ಬಂದು ಬದುಕಿದವರಿಗೂ ಅದರಿಂದ ರಕ್ಷಣೆ ಹುಟ್ಟುವುದಿಲ್ಲ, ಏಕೆಂದರೆ ಕಾಯಿಲೆ ತರುವಷ್ಟು ವಿಷವೂ ದೇಹದ ರಕ್ಷಣಾ ವ್ಯವಸ್ಥೆಯನ್ನು ಎಚ್ಚರಿಸಲು ಸಾಲದಷ್ಟು ಅತ್ಯಲ್ಪವಾಗಿರುತ್ತದೆ. ಆದ್ದರಿಂದ ರಕ್ತದಲ್ಲಿ ಧನುರ್ವಾಯುವಿನ ಪ್ರತಿಕಾಯ ಸಿಕ್ಕರೆ ಅದು ಲಸಿಕೆಯಿಂದಲೇ ಬಂದದ್ದು. ಒಂದು ಡೋಸ್ ಕೊಟ್ಟು, ಸುಮಾರು ನಾಲ್ಕು ವಾರ ಬಿಟ್ಟು ಪ್ರತಿಕಾಯ ಅಳೆದರೆ, ಹಿಂದೆ ಲಸಿಕೆ ಪಡೆದವರಲ್ಲಿ ಅದು ಗಗನಕ್ಕೇರಿರುತ್ತದೆ. ಎಂದೂ ಪಡೆಯದವರಲ್ಲಿ ನಿಧಾನವಾಗಿ ತಲೆ ಎತ್ತುತ್ತಿರುತ್ತದೆ. ಅಷ್ಟರಿಂದ ಬಾಲ್ಯದ ಲಸಿಕಾ ಕಾರ್ಯಕ್ರಮ ಆ ವ್ಯಕ್ತಿಯನ್ನು ತಲುಪಿತ್ತೇ ಎಂದು ಅಂದಾಜಿಸಬಹುದು. ಈ ಕ್ರಮದಿಂದ ಅನಗತ್ಯ ಡೋಸ್‌ಗಳೂ ತಪ್ಪುತ್ತವೆ. ಪ್ರತಿಕಾಯ ತುಂಬಿ ತುಳುಕುತ್ತಿರುವವರಿಗೆ ಮತ್ತೆ ಮತ್ತೆ ಧನುರ್ವಾಯು ಲಸಿಕೆ ಚುಚ್ಚಿದರೆ ತೋಳು ಊದಿ ಕೆಂಪಾಗಿ ನೋವು ಕೊಡಬಲ್ಲದು. ಆದರೆ ನಾಲ್ಕು ವಾರದ ನಂತರ ರೋಗಿ ಮತ್ತೆ ಬರುತ್ತಾರೆ ಎಂಬ ಭರವಸೆ ಇರುವಲ್ಲಿ ಮಾತ್ರ ಈ ಉಪಾಯ ನಡೆಯುತ್ತದೆ.

ಇನ್ನು ಚೀಟಿ ಇರುವವರ ಮಾತು. ಚೀಟಿ ಇದ್ದರೆ ಸಮಸ್ಯೆ ಮುಗಿಯಿತು ಎಂದುಕೊಂಡರೆ, ಅದನ್ನು ಓದುವುದೇ ಒಂದು ವಿದ್ಯೆ. ಅಫ್ಘಾನಿಸ್ತಾನದ ಒಂದು ಮಗುವಿನ ಕಾರ್ಡಿನಲ್ಲಿ ದಡಾರದ ಸಾಲಿನ ಎದುರು 12-7-1397 ಎಂದಿದೆ ಎಂದಿಟ್ಟುಕೊಳ್ಳೋಣ. ಅದು ಸೌರ ಹಿಜರಿ ಪಂಚಾಂಗದ ತಾರೀಖು, ನಮ್ಮ ಲೆಕ್ಕಕ್ಕೆ 2018ರ ಅಕ್ಟೋಬರ್ 4. ಅದನ್ನು ತಿಳಿಯದ ಗುಮಾಸ್ತರು ಜುಲೈ 12 ಎಂದೋ ಡಿಸೆಂಬರ್ 7 ಎಂದೋ ಕಂಪ್ಯೂಟರಿಗೆ ತುಂಬಿದರೆ, ಮಗುವಿಗೆ ಆಗ ಎಷ್ಟು ತಿಂಗಳಾಗಿತ್ತು ಎಂಬ ಲೆಕ್ಕವೇ ಏರುಪೇರಾಗುತ್ತದೆ. ಇಥಿಯೋಪಿಯಾದ ಕಾರ್ಡ್ ಆದರೆ ವರ್ಷದಲ್ಲಿ 13 ತಿಂಗಳು, ಇಸವಿಯಲ್ಲಿ ಏಳೆಂಟು ವರ್ಷದ ಅಂತರ. ಜನನ ದಾಖಲೆ ಕಳೆದುಕೊಂಡ ನಿರಾಶ್ರಿತರಲ್ಲಿ ಬಹಳ ಮಂದಿಗೆ ಅಧಿಕಾರಿಗಳು ಬರೆದುಕೊಟ್ಟ ಹುಟ್ಟುಹಬ್ಬ ಜನವರಿ 1. ಒಂದು ತಿಂಗಳ ವ್ಯತ್ಯಾಸಕ್ಕೆ ಏಕಿಷ್ಟು ತಲೆ ಕೆಡಿಸಿಕೊಳ್ಳಬೇಕು ಎಂದರೆ, ದಡಾರ ಹೆಚ್ಚಾಗಿರುವ ದೇಶಗಳಲ್ಲಿ ಮೊದಲ ಡೋಸನ್ನು 9 ತಿಂಗಳಿಗೇ ಕೊಡುತ್ತಾರೆ. ಆ ವಯಸ್ಸಿನಲ್ಲಿ ತಾಯಿಯಿಂದ ಬಂದ ಪ್ರತಿಕಾಯಗಳು ಇನ್ನೂ ಉಳಿದಿದ್ದು ಲಸಿಕೆಗೆ ಅಡ್ಡಿ ಮಾಡುವ ಸಾಧ್ಯತೆ ಇರುವುದರಿಂದ, 12 ತಿಂಗಳು ತುಂಬಿದ ಮೇಲೆ ಮೊದಲ ಡೋಸ್ ಕೊಡುವ ಅಮೆರಿಕದಂಥ ದೇಶಗಳು 9 ತಿಂಗಳ ಡೋಸನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ತಾಯಿ ಎರಡು ಸಲ ಹಾಕಿಸಿದ್ದೇನೆ ಎನ್ನುತ್ತಾಳೆ, ದಾದಿ ಒಂದೇ ಸಲ ಎನ್ನುತ್ತಾಳೆ, ಇಬ್ಬರ ಮಾತೂ ಸರಿ.

ಪೋಲಿಯೊದಲ್ಲೂ ಇಂಥದೇ ಒಂದು ಸೂಕ್ಷ್ಮವಿದೆ. 2016ರ ಏಪ್ರಿಲ್‌ನಲ್ಲಿ ಜಗತ್ತಿನಾದ್ಯಂತ ಬಾಯಿಗೆ ಹಾಕುವ ಪೋಲಿಯೊ ಹನಿಯಿಂದ ಎರಡನೆಯ ಬಗೆಯ ವೈರಸ್ಸನ್ನು ತೆಗೆದುಹಾಕಲಾಯಿತು. ಆ ಬಳಿಕ ಹನಿಗಳನ್ನು ಮಾತ್ರ ಪಡೆದ ಮಗುವಿಗೆ ಎರಡನೆಯ ಬಗೆಯ ವಿರುದ್ಧ ರಕ್ಷಣೆ ಇರುವುದಿಲ್ಲ, ಕಾರ್ಡಿನಲ್ಲಿ ನಾಲ್ಕು ಮೊಹರುಗಳಿದ್ದರೂ ಚುಚ್ಚುಮದ್ದಿನ ಪೋಲಿಯೊ ಲಸಿಕೆ ಬೇಕಾಗುತ್ತದೆ. ಕ್ಷಯದ ವಿರುದ್ಧ ಕೊಡುವ ಬಿಸಿಜಿ ಲಸಿಕೆಯ ಕಲೆಯಿರುವ ತೋಳಿನದು ಇನ್ನೊಂದು ಗೊಂದಲ: ಬಿಸಿಜಿ ಪಡೆದವರಲ್ಲಿ ಕ್ಷಯಕ್ಕೆ ಮಾಡುವ ಚರ್ಮದ ಪರೀಕ್ಷೆ ಸೋಂಕಿಲ್ಲದಿದ್ದರೂ ಊದಿಕೊಳ್ಳಬಹುದು, ಅಂಥವರಿಗೆ ಬಿಸಿಜಿಯಲ್ಲಿ ಇಲ್ಲದ ಪ್ರೋಟೀನ್‌ಗಳನ್ನು ಬಳಸುವ ರಕ್ತಪರೀಕ್ಷೆಯೇ ಸೂಕ್ತ. ಮೊಹರು ಬಿದ್ದ ಮಾತ್ರಕ್ಕೆ ಲಸಿಕೆ ಕೆಲಸ ಮಾಡಿದೆ ಎಂದೂ ಅಲ್ಲ. ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟುಹೋಗುತ್ತವೆ. ಯಾವ ಕಾರ್ಡಿನಲ್ಲೂ ಅದು ಬರೆದಿರುವುದಿಲ್ಲ.

ಇಷ್ಟೆಲ್ಲ ಓದಿದ ಮೇಲೆ, ಪ್ರತಿಕಾಯದ ಅಂಕಿಗಳನ್ನು ಒಂದು ಜನಾಂಗದ ಸ್ವಭಾವವೆಂಬಂತೆ ಮಂಡಿಸುವ ಬರಹಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇಂಥ ದೇಶದವರಲ್ಲಿ ರಕ್ಷಣೆ ಕಡಿಮೆ ಎಂಬ ಸಾಲಿನ ಹಿಂದೆ ಯುದ್ಧದಿಂದ ನಿಂತುಹೋದ ಲಸಿಕಾ ಕಾರ್ಯಕ್ರಮ ಇರಬಹುದು, ಅವರು ಹುಟ್ಟಿದ ಕಾಲಕ್ಕೆ ಆ ಲಸಿಕೆಯೇ ಬಂದಿರದೆ ಇರಬಹುದು. ಕೆಲವೊಮ್ಮೆ ಕೊರತೆ ಹುಟ್ಟುವುದು ಹೋಗಿ ಸೇರಿದ ದೇಶದಲ್ಲೇ. ಅಮೆರಿಕದ ಮಿನ್ನೆಸೋಟದಲ್ಲಿ ಸೊಮಾಲಿ ಮೂಲದ ಕುಟುಂಬಗಳಲ್ಲಿ, ಅಲ್ಲಿಯೇ ಹುಟ್ಟಿದ ಮಕ್ಕಳಿಗೆ ದಡಾರ ಲಸಿಕೆಯ ವ್ಯಾಪ್ತಿ 2004ರಲ್ಲಿ 92 ಶೇಕಡಾ ಇತ್ತು, 2014ರ ಹೊತ್ತಿಗೆ 42 ಶೇಕಡಾಕ್ಕೆ ಕುಸಿಯಿತು. ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಭಯವೇ ಅದಕ್ಕೆ ಮುಖ್ಯ ಕಾರಣ. 1998ರಲ್ಲಿ ಲಂಡನ್ನಿನಿಂದ ಹೊರಟು 2010ರಲ್ಲಿ ಹಿಂತೆಗೆದುಕೊಳ್ಳಲಾದ ಪ್ರಬಂಧವೊಂದರ ಬಾಲ ಹಿಡಿದು ಬಂದ ಆ ಭಯವನ್ನು ಹಚ್ಚಿದವರು ಹೊರಗಿನವರು. 2017ರಲ್ಲಿ ಅಲ್ಲಿ ದಡಾರ ಹಬ್ಬಿದಾಗ 75 ಮಂದಿಗೆ ತಗುಲಿತು, ಬಹುಪಾಲು ಈ ಮಕ್ಕಳಿಗೇ. ವಲಸೆ ಬಂದಾಗ ಅವರಲ್ಲಿ ಲಸಿಕೆಯ ಮೇಲೆ ನಂಬಿಕೆಯಿತ್ತು, ಅದು ಕಳೆದುಹೋದದ್ದು ಬಂದ ಊರಿನಲ್ಲಿ.

2018ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ಮತ್ತು ಲಂಡನ್ ವಿಶ್ವವಿದ್ಯಾಲಯ ಕಾಲೇಜಿನ ಆಯೋಗ ವಲಸೆ ಮತ್ತು ಆರೋಗ್ಯದ ಬಗ್ಗೆ ವರದಿ ಹೊರತಂದಾಗ, ಅದರ ಜೊತೆ ಬಂದ ವಿಶ್ಲೇಷಣೆ ತೋರಿಸಿದ್ದೂ ಗಮನಾರ್ಹ: ಶ್ರೀಮಂತ ದೇಶಗಳಿಗೆ ಹೋದ ವಲಸಿಗರ ಮರಣ ಪ್ರಮಾಣ ಹೆಚ್ಚಿನ ಕಾಯಿಲೆಗಳಲ್ಲಿ ಅಲ್ಲಿಯವರಿಗಿಂತ ಕಡಿಮೆ, ಸೋಂಕುರೋಗಗಳು ಮತ್ತು ಅಪಘಾತ, ಹಿಂಸೆಯಂಥ ಹೊರಗಿನ ಕಾರಣಗಳು ಇದಕ್ಕೆ ಹೊರತು. ಸೋಂಕುರೋಗಗಳಲ್ಲೂ ಭಾರವೆಲ್ಲ ಇರುವುದು ವೈರಲ್ ಹೆಪಟೈಟಿಸ್, ಕ್ಷಯ ಮತ್ತು ಎಚ್‌ಐವಿಯ ಮೇಲೆ. ಇವು ವರ್ಷಗಟ್ಟಲೆ ಮೌನವಾಗಿದ್ದು ಆಮೇಲೆ ಕಾಣಿಸಿಕೊಳ್ಳುವ ಕಾಯಿಲೆಗಳು, ಹೊತ್ತಿಗೆ ಸರಿಯಾಗಿ ಪತ್ತೆಯಾದರೆ ಮೂರಕ್ಕೂ ಚಿಕಿತ್ಸೆ ಇದೆ.

ವಾಸದ ಸ್ಥಿತಿಯೇ ಸೋಂಕನ್ನು ತೀರ್ಮಾನಿಸುತ್ತದೆ ಎಂಬುದಕ್ಕೆ ಸಿಂಗಪುರದ ಕಾರ್ಮಿಕ ವಸತಿಗೃಹಗಳಿಗಿಂತ ನೇರವಾದ ಉದಾಹರಣೆ ನನಗೆ ಗೊತ್ತಿಲ್ಲ. ಕೋವಿಡ್‌ನ ಮೊದಲ ವರ್ಷ ಆ ದೇಶದ ಪ್ರಕರಣಗಳಲ್ಲಿ 90 ಶೇಕಡಾಕ್ಕಿಂತ ಹೆಚ್ಚು ಈ ವಸತಿಗೃಹಗಳಲ್ಲಿದ್ದ ವಲಸೆ ಕಾರ್ಮಿಕರದ್ದು. 2020ರ ಡಿಸೆಂಬರ್‌ನಲ್ಲಿ ಸರ್ಕಾರ ಪ್ರತಿಕಾಯ ಪರೀಕ್ಷೆಯ ಲೆಕ್ಕವನ್ನೂ ಸೇರಿಸಿ ಪ್ರಕಟಿಸಿದಾಗ ಅಲ್ಲಿನ ಕಾರ್ಮಿಕರಲ್ಲಿ 47 ಶೇಕಡಾ ಮಂದಿಗೆ ಸೋಂಕು ತಗುಲಿತ್ತು ಎಂದು ತಿಳಿದುಬಂತು. ಮೂಗಿನ ದ್ರವದ ಪರೀಕ್ಷೆ ಹಿಡಿಯದೆ ಬಿಟ್ಟ ಸುಮಾರು 98,000 ಮಂದಿಯನ್ನು ರಕ್ತಪರೀಕ್ಷೆ ಹಿಡಿಯಿತು. ಪ್ರತಿಕಾಯ ಸಮೀಕ್ಷೆ ಇಂಥ ಕಡೆ ಸಾರ್ಥಕ: ಇಲ್ಲಿ ಅದು ಹೇಳಿದ್ದು ಕಾರ್ಮಿಕರ ಬಗ್ಗೆ ಅಲ್ಲ, ಒಂದೇ ಕೋಣೆಯಲ್ಲಿ ಹಲವರನ್ನು ತುಂಬುವ ವ್ಯವಸ್ಥೆಯ ಬಗ್ಗೆ.

ಆರೈಕೆಯ ಕಡೆಗೆ ಬಂದರೆ, ವೈದ್ಯಶಾಸ್ತ್ರಕ್ಕಿಂತ ಕಾನೂನು ಹೆಚ್ಚು ಅಡ್ಡ ಬರುತ್ತದೆ. ಜರ್ಮನಿಯಲ್ಲಿ ವಿದೇಶಿಯರ ವಾಸ್ತವ್ಯ ಕಾಯ್ದೆಯ 87ನೇ ಕಲಮಿನ ಪ್ರಕಾರ, ಅನುಮತಿಯಿಲ್ಲದೆ ನೆಲೆಸಿರುವವರ ವಿಷಯ ತಿಳಿದ ಸರ್ಕಾರಿ ಕಚೇರಿಗಳು ಅದನ್ನು ವಲಸೆ ಇಲಾಖೆಗೆ ತಿಳಿಸಬೇಕು. ವೈದ್ಯರಿಗೆ ಗೋಪ್ಯತೆಯ ರಕ್ಷಣೆ ಇದ್ದರೂ, ತುರ್ತಲ್ಲದ ಚಿಕಿತ್ಸೆಯ ಖರ್ಚು ಭರಿಸುವ ಸಮಾಜ ಕಲ್ಯಾಣ ಕಚೇರಿಗೆ ಅದಿಲ್ಲ. ಇಂಗ್ಲೆಂಡಿನಲ್ಲಿ ರೋಗಿಗಳ ವಿಳಾಸವನ್ನು ಗೃಹ ಇಲಾಖೆಗೆ ಕೊಡುವ ಒಪ್ಪಂದ 2017ರಲ್ಲಿ ಜಾರಿಗೆ ಬಂದು, ತೀವ್ರ ಆಕ್ಷೇಪಗಳ ನಂತರ 2018ರಲ್ಲಿ ಬಹುಮಟ್ಟಿಗೆ ನಿಂತಿತು. ಸ್ಪೇನ್ 2012ರಲ್ಲಿ ದಾಖಲೆಯಿಲ್ಲದ ವಲಸಿಗರ ಆರೋಗ್ಯ ಸೌಲಭ್ಯವನ್ನು ಕಿತ್ತುಕೊಂಡು 2018ರಲ್ಲಿ ಮರಳಿ ಕೊಟ್ಟಿತು. ಪೋರ್ಚುಗಲ್ 2020ರ ಮಾರ್ಚ್‌ನಲ್ಲಿ, ವಾಸ್ತವ್ಯದ ಅರ್ಜಿ ಬಾಕಿಯಿರುವ ಎಲ್ಲ ವಲಸಿಗರನ್ನೂ ತಾತ್ಕಾಲಿಕವಾಗಿ ಸಕ್ರಮವಾಗಿ ನೆಲೆಸಿದವರೆಂದೇ ಪರಿಗಣಿಸಿ ಆರೋಗ್ಯ ಸೇವೆಯ ಬಾಗಿಲು ತೆರೆಯಿತು. ಹೆಸರು ಬರೆಸಿದರೆ ಗಡೀಪಾರಾಗಬಹುದು ಎಂಬ ಅಂಜಿಕೆ ಇರುವಲ್ಲಿ ಯಾವ ಲಸಿಕಾ ಶಿಬಿರಕ್ಕೂ ಜನ ಬರುವುದಿಲ್ಲ, ಬಂದವರ ರಕ್ತದ ಮೇಲೆ ಮಾಡಿದ ಸಂಶೋಧನೆ ಬಾರದವರ ಬಗ್ಗೆ ಏನನ್ನೂ ಹೇಳುವುದಿಲ್ಲ. ಪ್ರಬಂಧದ ಕೊನೆಯಲ್ಲಿ ಮಿತಿಗಳ ಅಡಿಯಲ್ಲಿ ಒಂದೇ ಸಾಲಿನಲ್ಲಿ ಮುಗಿಸಿಬಿಡುವ ಈ ಅಂಶವೇ ನನ್ನ ದೃಷ್ಟಿಯಲ್ಲಿ ಪ್ರಬಂಧದ ಮುಖ್ಯ ಫಲಿತಾಂಶವಾಗಬೇಕಿತ್ತು.

ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ 2015ರ ನವೆಂಬರ್‌ನಲ್ಲಿ ಹೊರಡಿಸಿದ ಜಂಟಿ ಹೇಳಿಕೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಬಂದವರಿಗೆ ತಡಮಾಡದೆ ಆತಿಥೇಯ ದೇಶದ ವೇಳಾಪಟ್ಟಿಯಂತೆ ಲಸಿಕೆ ಕೊಡಬೇಕು. ಗಡಿಯಲ್ಲಿ ನಿಲ್ಲಿಸಿ ಲಸಿಕೆ ಹಾಕುವುದು ಸಾಮಾನ್ಯವಾಗಿ ಸೂಕ್ತವಲ್ಲ. ಗಡಿ ದಾಟುವವರು ಮರುದಿನ ಎಲ್ಲಿರುತ್ತಾರೋ ಹೇಳಲಾಗದು, ಎರಡನೆಯ ಡೋಸ್ ಕೊಡುವವರು ಯಾರು? ನಡುವೆ ಎಷ್ಟೇ ಅಂತರವಾದರೂ ಸರಣಿಯನ್ನು ಮೊದಲಿನಿಂದ ಆರಂಭಿಸಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು ಎಂಬ ನಿಯಮ ಅಲೆಮಾರಿ ಬದುಕಿನವರಿಗೆ ದೊಡ್ಡ ಅನುಕೂಲ. ಅದನ್ನು ಬಳಸಿಕೊಳ್ಳಬೇಕಾದರೆ ಪ್ರತಿ ಡೋಸಿನ ದಾಖಲೆ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಇದ್ದರಷ್ಟೇ ಸಾಲದು, ಒಂದು ಪ್ರತಿ ರೋಗಿಯ ಕೈಯಲ್ಲಿರಬೇಕು. ಭಾಷಾಂತರಕ್ಕೆ ಶಾಲೆಗೆ ಹೋಗುವ ಮಗನನ್ನೋ ಮಗಳನ್ನೋ ಕೂರಿಸಿಕೊಳ್ಳುವುದೂ ನಿಲ್ಲಬೇಕು. ತಾಯಿಗೆ ಹೆಪಟೈಟಿಸ್ ಬಿ ಇದೆ ಎಂಬ ಸುದ್ದಿಯನ್ನು ಹನ್ನೆರಡು ವರ್ಷದ ಹುಡುಗಿಯ ಬಾಯಿಂದ ಹೇಳಿಸುವುದು ಯಾರಿಗೂ ಸಲ್ಲದ ಕೆಲಸ. ಅದು ಹೇಗೆ ಹರಡುತ್ತದೆ ಎಂದು ವಿವರಿಸುವ ಪ್ರಶ್ನೆ ಬಂದಾಗಲಂತೂ ಅರ್ಧ ಮಾತು ಅಲ್ಲೇ ನುಂಗಿಹೋಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 25.4 ಕೋಟಿ ಮಂದಿ ದೀರ್ಘಕಾಲದ ಹೆಪಟೈಟಿಸ್ ಬಿ ಸೋಂಕಿನೊಂದಿಗೆ ಬದುಕುತ್ತಿದ್ದರು. ತಮಗೆ ಸೋಂಕಿದೆ ಎಂದು ಪತ್ತೆಯಾದವರು ಅವರಲ್ಲಿ ಸುಮಾರು 13 ಶೇಕಡಾ, ಚಿಕಿತ್ಸೆ ಪಡೆಯುತ್ತಿದ್ದವರು ಸುಮಾರು 3 ಶೇಕಡಾ. ಪತ್ತೆಗೂ ಚಿಕಿತ್ಸೆಗೂ ನಡುವಿನ ಈ ಅಂತರದಲ್ಲೇ ವಲಸಿಗ ರೋಗಿಗಳು ಜಾರಿಹೋಗುತ್ತಾರೆ. ಆದ್ದರಿಂದ ಈ ಬಗೆಯ ಪ್ರಬಂಧ ಪರಿಶೀಲನೆಗೆ ಬಂದಾಗ ನಾನು ಕೇಳುವುದು ಒಂದು ಕೋಷ್ಟಕವನ್ನು: ಎಷ್ಟು ಮಂದಿಯನ್ನು ಪರೀಕ್ಷೆಗೆ ಕರೆದಿರಿ, ಎಷ್ಟು ಮಂದಿ ಬಂದರು, ಎಷ್ಟು ಮಂದಿಗೆ ವರದಿಯನ್ನು ಅವರ ಭಾಷೆಯಲ್ಲಿ ತಿಳಿಸಿದಿರಿ, ರಕ್ಷಣೆ ಇಲ್ಲದವರಲ್ಲಿ ಎಷ್ಟು ಮಂದಿಗೆ ಕೊನೆಯ ಡೋಸ್ ಮುಗಿಯಿತು, ಸೋಂಕಿತರಲ್ಲಿ ಎಷ್ಟು ಮಂದಿ ಒಂದು ವರ್ಷದ ಮೇಲೂ ತಪಾಸಣೆಗೆ ಬರುತ್ತಿದ್ದಾರೆ ಮತ್ತು ಅವರ ಮನೆಯವರಲ್ಲಿ ಎಷ್ಟು ಮಂದಿಗೆ ಲಸಿಕೆ ಸಿಕ್ಕಿತು. ಕೊನೆಯ ಮೂರು ಅಂಕಣಗಳನ್ನು ತುಂಬಲು ಅಂಕಿಗಳಿಲ್ಲ ಎಂಬ ಉತ್ತರ ಬಂದರೆ, ಆ ಮಾತನ್ನೇ ಪ್ರಬಂಧದ ಸಾರಾಂಶದಲ್ಲಿ ಬರೆಯಿರಿ ಎನ್ನುತ್ತೇನೆ.